ಎಂಟು ಸಾವಿರ ವರ್ಷದ ಕಿವಿ

ಗೇಟಿನ ಕೀಲು ಕಿರ್ರೆಂದದ್ದು ಕೇಳಿಸಿತು, ಗೇಟು ಕಾಣಿಸಲಿಲ್ಲ. ಆ ವಾರ ಊರಿನ ಮೇಲೆ ಮಂಜು ಹಾಗೆ ಇಳಿದಿತ್ತು. ಎದುರುಸಾಲಿನ ಮನೆಗಳು ಯಾರೋ ಅರ್ಧ ಅಳಿಸಿ ಬಿಟ್ಟ ಪೆನ್ಸಿಲ್ ಚಿತ್ರದಂತೆ ನಿಂತಿದ್ದವು. ಶಾಲೆಯಲ್ಲಿ ಮೂವತ್ತಾರು ವರ್ಷ ಚಿತ್ರಕಲೆ ಕಲಿಸಿದವನಿಗೆ ಹೋಲಿಕೆಯೂ ಪೆನ್ಸಿಲ್ ರಬ್ಬರಿನದೇ ಹೊಳೆಯುತ್ತದೆ. ಮಂಜಿನೊಳಗಿಂದ ಮೊದಲು ಒಂದು ಕೆಂಪು ಶಾಲು ಬಂತು, ಆಮೇಲೆ ಶಾಲಿನೊಳಗಿದ್ದ ಹುಡುಗಿ ಬಂದಳು.

"ಭಾವ, ಅಕ್ಕ ಇದ್ದಾರಾ?"

ಊರಿಗೆಲ್ಲ ನಾನು ಭಾವ, ಯಾಕೆಂದರೆ ನನ್ನ ಹೆಂಡತಿ ಊರಿಗೆಲ್ಲ ಅಕ್ಕ. ಪೂರ್ತಿ ಹೇಳುವುದಾದರೆ ಗುರುತಿನಕ್ಕ. ರೈಲಿನಲ್ಲಿ ಜನ ಮರೆತುಹೋದ ಸಾಮಾನುಗಳನ್ನು ಇಡುವ ಕೋಣೆಯೊಂದು ನಿಲ್ದಾಣದಲ್ಲಿದೆ. ಅದನ್ನು ಅವಳು ಮೂವತ್ತು ವರ್ಷ ನೋಡಿಕೊಂಡಳು. ನನ್ನ ಕೊಡೆ, ನನ್ನ ಪೆಟ್ಟಿಗೆ ಎಂದು ಯಾರೇ ಬಂದರೂ ಅವಳ ಬಾಯಿಂದ ಬರುತ್ತಿದ್ದದ್ದು ಎರಡೇ ಪದ: "ಗುರುತು ಹೇಳಿ." ನಿವೃತ್ತಿಯಾದ ಮೇಲೆ ಜನ ಮನೆಗೇ ಬರತೊಡಗಿದರು, ಕಳೆದದ್ದರ ಜೊತೆಗೆ ಕದ್ದದ್ದನ್ನೂ ಹುಡುಕಿಕೊಡಿ ಎಂದರು. ಅವಳು ಹುಡುಕುತ್ತಾಳೆ. ನಾನು ಟೀ ಮಾಡುತ್ತೇನೆ, ಎಲ್ಲ ಮುಗಿದ ಮೇಲೆ ಬರೆದಿಡುತ್ತೇನೆ.

ಬಂದವಳು ನನ್ನ ಹಳೆಯ ವಿದ್ಯಾರ್ಥಿನಿ, ಬೆಟ್ಟದ ಕುರಿಯಜ್ಜಿಯ ಮೊಮ್ಮಗಳು. ಈಗ ನದಿ ದಂಡೆಯ ಹಳೆಯ ಉಣ್ಣೆ ಗೋದಾಮಿನಲ್ಲಿರುವ ಸಂಶೋಧನಾಲಯದಲ್ಲಿ ಕೆಲಸ ಮಾಡುತ್ತಿದ್ದಳು. ಹಸು, ಕುರಿ, ಮೇಕೆ, ಕೋಳಿ ಇವೆಲ್ಲ ಮನುಷ್ಯನ ಹಟ್ಟಿಗೆ ಯಾವಾಗ ಬಂದವು, ಎಲ್ಲಿಂದ ಬಂದವು ಎಂದು ಹಳೆಯ ಮೂಳೆಗಳಲ್ಲಿ ಉಳಿದ ಡಿಎನ್‌ಎ ಓದಿ ಹೇಳುವುದು ಅಲ್ಲಿನ ಕೆಲಸ. ಕೊಟ್ಟ ಟೀ ಅವಳ ಕೈಯಲ್ಲೇ ಆರಿತು. ಹೇಳಿದ ಸಂಗತಿ ಇಷ್ಟು.

ಬೆಟ್ಟದ ಗುಹೆಯೊಂದರಲ್ಲಿ ಎಂಟು ಸಾವಿರ ವರ್ಷ ಹಳೆಯ ಕುರಿ ಮೂಳೆಗಳು ಸಿಕ್ಕಿದ್ದವು. ಅವುಗಳಲ್ಲಿ ಒಂದು, ಹೆಬ್ಬೆರಳ ತುದಿಯಷ್ಟಿದ್ದದ್ದು, ಕಿವಿಯೊಳಗಿನ ಮೂಳೆ. ಮೈಯಲ್ಲಿ ಅದರಷ್ಟು ಗಟ್ಟಿಯಾದ ಮೂಳೆ ಬೇರೊಂದಿಲ್ಲವಂತೆ. ಬೇರೆಲ್ಲ ಕಡೆ ಅಳಿಸಿಹೋದ ಬರಹ ಅದರೊಳಗೆ ಮಾತ್ರ ಉಳಿಯುತ್ತದಂತೆ. ಇವಳು ಅದಕ್ಕೆ ಸಣ್ಣ ತೂತು ಕೊರೆದು, ಬಂದ ಪುಡಿಯನ್ನೆಲ್ಲ ಬಳಸಿ ಓದಿದಳು. ಡಿಎನ್‌ಎಯಲ್ಲಿ ತಾಯಿಯಿಂದ ಮಾತ್ರ ಬರುವ ಒಂದು ಎಳೆಯಿದೆ, ಅದರಲ್ಲಿ ಅಪ್ಪನ ಪಾಲು ಏನೂ ಇರುವುದಿಲ್ಲ ಎಂದು ಅವಳು ವಿವರಿಸಿದಾಗ, ನನ್ನ ಹೆಂಡತಿ ನನ್ನತ್ತ ನೋಡಿ ನಮ್ಮ ಮನೆಯ ಹಾಗೇ ಎಂದಳು. ಗುಹೆಯ ಕುರಿಯ ಆ ತಾಯಿ ಎಳೆ ಈಗ ಬದುಕಿರುವ ಒಂದೇ ಒಂದು ಮಂದೆಯಲ್ಲಿ ಇತ್ತು. ಅದು ಅವಳ ಅಜ್ಜಿಯ ಮಂದೆ. ಎಂಟು ಸಾವಿರ ವರ್ಷ ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ, ಆ ಬೆಟ್ಟ ಬಿಟ್ಟು ಕದಲದೆ ಅದು ಸಾಗಿಬಂದಿತ್ತು.

ಇಂಥ ಮಾತನ್ನು ಒಬ್ಬರು ಹೇಳಿದರೆ ಸಾಲದು. ಮೂಳೆಯ ಉಳಿದ ಭಾಗವನ್ನು ಹೊರಗಿನ ಪ್ರಯೋಗಾಲಯಕ್ಕೆ ಕಳಿಸಿದರು. ವರದಿ ನಿನ್ನೆ ಬಂದಿತ್ತು. ಮೂಳೆ ಹಳೆಯದೇ ಅಲ್ಲ. ಇಪ್ಪತ್ತು ಮೂವತ್ತು ವರ್ಷದ ಹಿಂದೆ ಸತ್ತ ಕುರಿಯದು. ತಾಯಿ ಎಳೆ ಮಾತ್ರ ಅಜ್ಜಿಯ ಮಂದೆಯದೇ.

"ಮನೆ ಕುರಿ ಮೂಳೆ ತಂದು ಗುಹೆದು ಅಂತ ಇಟ್ಟಿದ್ದೀನಿ ಅಂತಾರೆ ಅಕ್ಕ. ಮೊದಲ ಲೆಕ್ಕ ಕಂಪ್ಯೂಟರಲ್ಲಿ ಹುಟ್ಟಿಸಿದ್ದಂತೆ. ನಾಳೆ ಹನ್ನೊಂದಕ್ಕೆ ನಿರ್ದೇಶಕರು ಕರೆದಿದ್ದಾರೆ. ಮೋಸ ಅಂತ ಒಂದು ಸಲ ಬರೆದುಬಿಟ್ಟರೆ ಮುಗೀತು, ಇನ್ನೆಲ್ಲೂ ನನಗೆ ಈ ಕೆಲಸ ಸಿಗಲ್ಲ."

"ಅಜ್ಜಿಗೆ ಗೊತ್ತಾ?"

"ಇಲ್ಲ. ದಮ್ಮಯ್ಯ, ಹೇಳಬೇಡಿ. ಅಮ್ಮ ನಾನು ಹುಟ್ಟಿದ ವಾರಕ್ಕೇ ಹೋದಳು. ಒಂದು ಕುರಿ ಹಾಲು ಕುಡಿಸಿ ಅಜ್ಜಿ ನನ್ನ ಉಳಿಸಿದ್ದು. ಮೊಮ್ಮಗಳನ್ನ ಕಳ್ಳಿ ಅಂತಾರೆ ಅಂತ ತಿಳಿದರೆ ಅವಳು ತಡಕೊಳ್ಳಲ್ಲ."

ಕೊರೆದ ಮೇಲೆ ಆ ಮೂಳೆಯನ್ನು ಯಾರೆಲ್ಲ ನೋಡಿದರು ಎಂದು ನನ್ನ ಹೆಂಡತಿ ಕೇಳಿದಳು. ಡಬ್ಬಿ ತೆರೆದವರು ದಾಖಲೆ ಪುಸ್ತಕದಲ್ಲಿ ಬರೆಯಲೇಬೇಕು. ಹಾಗೆ ಬರೆದವರು ಮೂವರು: ಮೊದಲು ಇವಳು, ವಾರದ ಮೇಲೆ ಇವಳ ಹಿರಿಯ ಸಹೋದ್ಯೋಗಿ, ಕೊನೆಗೆ ಹೊರಗೆ ಕಳಿಸುವಾಗ ಮೂಳೆಕೋಣೆಯ ಕೀಲಿ ಇಟ್ಟುಕೊಂಡ ತಾತ. ಇವಳು ತೆರೆದದ್ದು ಅಜ್ಜಿಗೆ ತೋರಿಸಲು. ಅಜ್ಜಿ ಅಂದು ಕುರಿ ಗಂಟೆಯ ಅಂಚು ಸೀಳಿತೆಂದು ರಿಪೇರಿಗೆ ಪೇಟೆಗೆ ಬಂದಿದ್ದಳು. ಮೂಳೆಯನ್ನು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿ, ಇದು ನಾಲಗೆಯಾ ಎಂದು ಕೇಳಿದ್ದಳಂತೆ.

"ಎಲುಬಿಲ್ಲದ ನಾಲಗೆ ಅಂತ ನೀನೇ ಬೈತಿದ್ಯಲ್ಲಜ್ಜಿ, ನಾಲಗೆಗೆ ಎಲ್ಲಿಂದ ಮೂಳೆ ಬಂತು, ಇದು ಕಿವಿ ಅಂತ ನಕ್ಕೆ. ನಿನ್ನ ಕುರಿಗಳ ಮುತ್ತಜ್ಜಿಯ ಮುತ್ತಜ್ಜಿ ಇವಳು, ಇವಳೂ ನಿನ್ನ ಕುರಿಗಳೂ ಒಂದೇ, ಏನೂ ವ್ಯತ್ಯಾಸ ಇಲ್ಲ ಅಂದೆ. ಅಷ್ಟರಲ್ಲಿ ಮೆಷಿನ್ನು ಕೂಗಿಕೊಳ್ತು, ಓಡಿದೆ. ಬರೋ ಹೊತ್ತಿಗೆ ತಾತ ಅವಳನ್ನ ಕೂರಿಸಿ ನೀರು ಕೊಟ್ಟಿದ್ರು."

ಅವಳ ಚೀಲದಲ್ಲಿ ಒಂದು ನೋಟುಪುಸ್ತಕವಿತ್ತು. ಫೋಟೋ ತೆಗೆದದ್ದು ಮೂಳೆಗೆ ಗುಹೆಯ ಮಣ್ಣು ಮೆತ್ತಿಕೊಂಡಿದ್ದಾಗ. ತೊಳೆದು ಕೊರೆದ ಮೇಲೆ ಇದ್ದದ್ದು ಅವಳು ಕೈಯಿಂದ ಬರೆದ ಚಿತ್ರ ಮಾತ್ರ. ಗೊತ್ತಿರುವುದನ್ನು ಬರೆಯಬೇಡಿ, ಕಾಣುವುದನ್ನು ಬರೆಯಿರಿ ಎಂದು ನಾನು ತರಗತಿಯಲ್ಲಿ ಗಂಟಲು ಹರಿದುಕೊಂಡದ್ದು ಒಬ್ಬಳಾದರೂ ಕೇಳಿಸಿಕೊಂಡಿದ್ದಳಲ್ಲ ಎಂದು ಕಣ್ಣು ತುಂಬಿ ಬಂತು. ತೂತು ಸ್ವಲ್ಪ ಓರೆಯಾಗಿತ್ತು, ಅದರ ಅಂಚು ಚೂಪಾಗಿತ್ತು. ಬದಿಯಲ್ಲಿ ಎಳ್ಳುಕಾಳಿನಷ್ಟು ಕಪ್ಪು ಚುಕ್ಕೆಯೂ ಇತ್ತು.

ಮಧ್ಯಾಹ್ನಕ್ಕೆ ಮುಂಚೆ ಮೂವರೂ ಸಂಶೋಧನಾಲಯಕ್ಕೆ ಹೋದೆವು. ಉಣ್ಣೆ ಹೋಗಿ ಎಷ್ಟೋ ವರ್ಷವಾಗಿದ್ದರೂ ತೇವದ ದಿನಗಳಲ್ಲಿ ಆ ಗೋದಾಮಿನ ಮರದ ನೆಲ ಇನ್ನೂ ಕುರಿಯ ಜಿಡ್ಡು ನಾರುತ್ತದೆ. ಮೇಲಿನ ಮಹಡಿಯಲ್ಲಿ ಯಂತ್ರಗಳು ನಿದ್ದೆಯಲ್ಲಿ ಉಸಿರಾಡುವವರ ಹಾಗೆ ಗುಂಯ್‌ಗುಡುತ್ತಿದ್ದವು. ಕೆಳಗಿನ ಮೂಳೆಕೋಣೆಯಲ್ಲಿ ಗೋಡೆಯುದ್ದಕ್ಕೂ ಸಣ್ಣ ಸಣ್ಣ ಡ್ರಾಯರುಗಳು, ಒಂದೊಂದಕ್ಕೂ ಒಂದೊಂದು ನಂಬರು. ದವಡೆಗಳು, ಕೊಂಬುಗಳು, ನೂರಾರು ಕಿವಿಗಳು ಅಲ್ಲಿ ಹತ್ತಿಯ ಮೇಲೆ ಮಲಗಿದ್ದವು. ಕಿಟಕಿಯ ಗಾಜಿಗೆ ಮಂಜು ಒತ್ತಿಕೊಂಡಿತ್ತು. ನಾವು ಎಚ್ಚರವಾಗಿದ್ದೇವೋ ಆ ಪ್ರಾಣಿಗಳ ಕನಸಿನಲ್ಲಿ ನಡೆಯುತ್ತಿದ್ದೇವೋ ಎಂದು ಒಂದು ಗಳಿಗೆ ನನಗೆ ಅನುಮಾನ ಬಂತು.

ಕೀಲಿ ಇಟ್ಟುಕೊಂಡವರನ್ನು ಎಲ್ಲರೂ ಮೂಳೆತಾತ ಎನ್ನುತ್ತಾರೆ. ನಮ್ಮನ್ನು ಕಂಡು ಕುರ್ಚಿ ಎಳೆದರು, ನಕ್ಕರು, ಹೇಳಿದ್ದಕ್ಕೆಲ್ಲ ತಲೆಯಾಡಿಸಿದರು. ನನ್ನ ಹೆಂಡತಿ ಕಿಟಕಿಯತ್ತ ತಿರುಗಿ, ಅವರಿಗೆ ಬೆನ್ನು ಮಾಡಿ ನಿಂತು ಕೇಳಿದಳು: "ಹಾಗಾದ್ರೆ ಆ ಮೂಳೆ ಕದ್ದವರು ನೀವೇನಾ ತಾತ?"

"ಹೌದು ಹೌದು," ಎಂದರು ತಾತ ತಲೆಯಾಡಿಸುತ್ತ. "ಈ ವರ್ಷ ಜಾಸ್ತಿನೇ."

ನಾನು ಬೆಚ್ಚಿದೆ. ಅವಳು ಮಾತ್ರ ಮಂಜಿನ ವಿಚಾರವೇ ಕೇಳಿದ್ದೆ ಎಂಬಂತೆ ಸುಮ್ಮನಾದಳು.

ಹಿರಿಯ ಸಹೋದ್ಯೋಗಿಗೆ ಅಲ್ಲಿನವರಿಟ್ಟ ಹೆಸರು ಗ್ಲೌಸಪ್ಪ. ಊಟಕ್ಕೆ ಕೂತಾಗಲೂ ಅವರು ಗ್ಲೌಸು ಬಿಚ್ಚುವುದಿಲ್ಲ ಎಂದು ಪ್ರತೀತಿ. ಬೆಟ್ಟದ ಹಳೆಯ ಕುರಿಗಳೆಲ್ಲ ಎಂದೋ ಅಳಿದುಹೋದವು, ಈಗಿನವು ದೂರದಿಂದ ವ್ಯಾಪಾರಿಗಳ ಜೊತೆ ಬಂದವು ಎಂದು ಇಪ್ಪತ್ತು ವರ್ಷದಿಂದ ಬರೆಯುತ್ತ ಬಂದವರು ಅವರು. ಹುಡುಗಿಯ ಮಾತು ನಿಜವಾದರೆ ಆ ಇಪ್ಪತ್ತು ವರ್ಷ ನೀರಿನಲ್ಲಿ ಹೋಮ ಮಾಡಿದಂತೆಯೇ. ನನಗಂತೂ ನೋಡಿದ ಕೂಡಲೇ ಕಳ್ಳ ಸಿಕ್ಕ ಎನ್ನಿಸಿತು.

"ನನಗೇನೂ ಖುಷಿ ಇಲ್ಲಮ್ಮ," ಎಂದರು ಅವರು. "ಆದರೆ ಮೂಳೆ ಸುಳ್ಳು ಹೇಳಲ್ಲ."

"ಮೂಳೆ ಹೇಳಲ್ಲ, ಸರಿ. ಡಬ್ಬಿ ಹೇಳಬಹುದಲ್ಲ?" ಎಂದಳು ನನ್ನ ಹೆಂಡತಿ.

ಅವರು ಡಬ್ಬಿ ತೆರೆದದ್ದು ತೂಕ ನೋಡಲು. ದಾಖಲೆಯಲ್ಲಿ ಅವರದೇ ಅಚ್ಚುಕಟ್ಟಾದ ಅಕ್ಷರದಲ್ಲಿ ಇತ್ತು: ನಾಲ್ಕು ಪಾಯಿಂಟ್ ಒಂಬತ್ತು ಗ್ರಾಂ. ಅದಕ್ಕೆ ಮೊದಲು, ಕೊರೆದ ದಿನ, ಹುಡುಗಿ ಬರೆದದ್ದು ನಾಲ್ಕು ಪಾಯಿಂಟ್ ಒಂದು ಗ್ರಾಂ. ವ್ಯತ್ಯಾಸದ ಕೆಳಗೆ ಅವರು ಕೆಂಪು ಗೆರೆ ಎಳೆದು 'ಅಜಾಗರೂಕತೆ' ಎಂದು ಷರಾ ಹಾಕಿದ್ದರು. ನನ್ನ ಹೆಂಡತಿ ಆ ಕೆಂಪು ಗೆರೆಯ ಮೇಲೆ ಬೆರಳಿಟ್ಟು ಬಹಳ ಹೊತ್ತು ನಿಂತಳು.

ಹೊರಗಿನವರು ಹಿಂದಿರುಗಿಸಿದ ಮೂಳೆ ಎರಡು ಹೋಳಾಗಿ ಬಂದಿತ್ತು. ಒಳಗಿನ ಭಾಗವನ್ನೆಲ್ಲ ಕೆರೆದು ಪುಡಿ ಮಾಡಿದ್ದರು. ನಾನು ಭೂತಗನ್ನಡಿ ಹಿಡಿದು, ಪಕ್ಕದಲ್ಲಿ ಹುಡುಗಿಯ ಚಿತ್ರ ಇಟ್ಟುಕೊಂಡು ನೋಡಿದೆ. ಚಿತ್ರದ್ದೂ ಇದೂ ಕಂದು ಬಣ್ಣದ ಕಿವಿಮೂಳೆಗಳೇ, ಎರಡಕ್ಕೂ ತೂತಿತ್ತು. ಆದರೆ ಈ ತೂತು ನೇರವಾಗಿತ್ತು, ಅದರ ಒಂದು ಅಂಚು ಬಾವಿಕಟ್ಟೆಯ ಕಲ್ಲು ಹಗ್ಗಕ್ಕೆ ಸವೆದ ಹಾಗೆ ನುಣ್ಣಗೆ ಸವೆದಿತ್ತು. ಮೈಯೆಲ್ಲ ಮಿರುಗು, ಕೆಳಗಿನ ತುದಿಯಲ್ಲಿ ಸುತ್ತಲೂ ಸಣ್ಣ ಸಣ್ಣ ಜಜ್ಜು. ಕಪ್ಪು ಚುಕ್ಕೆಯಂತೂ ಇರಲಿಲ್ಲ.

"ಇದು ಅದಲ್ಲ," ಎಂದೆ.

"ಅದಲ್ಲ," ಎಂದಳು ನನ್ನ ಹೆಂಡತಿ. "ಆದರೆ ಒಂದು ಚಿತ್ರ ನಂಬಿ ಅವರು ಬಿಡಲ್ಲ. ಆ ಮೂಳೆನೇ ಬೇಕು. ನಡೀರಿ, ಬೆಟ್ಟಕ್ಕೆ ಹೋಗೋಣ. ಕುರಿ ನೋಡದೆ ಬಹಳ ದಿನ ಆಯ್ತು."

ಹುಡುಗಿಯನ್ನು ಅಲ್ಲೇ ಬಿಟ್ಟು ನಾವಿಬ್ಬರೇ ಹೊರಟೆವು. ದಾರಿಯುದ್ದಕ್ಕೂ ನಾನು ಗ್ಲೌಸಪ್ಪನ ಮೇಲಿನ ಅನುಮಾನಗಳನ್ನು ಒಂದೊಂದಾಗಿ ಬಿಡಿಸಿಟ್ಟೆ. ಅವಳು ಹ್ಞೂಂಗುಟ್ಟುತ್ತ ನಡೆದಳು. ಕೊನೆಗೆ, ನಿಮಗೆ ಮುಖ ನೋಡಿ ಮಣೆ ಹಾಕೋ ಬುದ್ಧಿ ಇನ್ನೂ ಬಿಡಲಿಲ್ಲವಲ್ಲ ಎಂದಳು.

ಮೇಲೆ ಹೋದಷ್ಟೂ ಮಂಜು ಬೆಳ್ಳಗಾಯಿತು. ಹುಲ್ಲು, ಬಂಡೆ, ದಾರಿ ಎಲ್ಲ ಮುಗಿದು ಬರೀ ಶಬ್ದಗಳು ಉಳಿದವು: ಹುಲ್ಲು ಹರಿಯುವ ಸದ್ದು, ಒಂದು ಮರಿಯ ಕೂಗು, ಎಲ್ಲಕ್ಕಿಂತ ಮುಂದೆ ಒಂದು ಗಂಟೆ. ಆ ಗಂಟೆಯನ್ನು ನಾನು ಬಲ್ಲೆ. ಮಕ್ಕಳನ್ನು ಚಿತ್ರ ಬರೆಯಲು ಬೆಟ್ಟಕ್ಕೆ ಕರೆದೊಯ್ಯುತ್ತಿದ್ದ ಕಾಲದಲ್ಲಿ ಕುರಿಯಜ್ಜಿಯ ಮುಂದಾಳು ಕುರಿಯ ಕೊರಳಲ್ಲಿ ಅದು ಟೊಣ್ ಟೊಣ್ ಎಂದು ಮೆತ್ತಗೆ ಬಡಿಯುತ್ತಿತ್ತು. ಈಗ ಅದರಲ್ಲಿ ಕಲ್ಲು ತಾಗಿದಂಥ ಸಣ್ಣ ದನಿ ಸೇರಿತ್ತು. ಬಹಳ ದೂರದಿಂದ, ಬಹಳ ಹಿಂದಿನಿಂದ ಯಾರೋ ಕರೆದಂತಿತ್ತು. ಕುರಿಗಳು ಮಂಜಿನೊಳಗಿಂದ ಒಂದೊಂದಾಗಿ ಮೂಡಿ ಅದರ ಹಿಂದೆ ಸಾಗಿ ಮತ್ತೆ ಮಂಜಾದವು.

ಅಜ್ಜಿ ಬಂಡೆಯ ಮೇಲೆ ಕೂತಿದ್ದಳು, ಗಿಡ್ಡ ಹೆಂಗಸು, ಮಾತು ಇನ್ನೂ ಗಿಡ್ಡ. ಗಂಟೆಯ ದನಿ ಬದಲಾಗಿದೆಯಲ್ಲ ಎಂದು ನಾನು ಕೇಳಿದ್ದಕ್ಕೆ, ರಿಪೇರಿ ಆದ ಮೇಲೆ ಹಾಗೆ, ಈಗ ಕುರಿಗಳು ಮೊದಲಿಗಿಂತ ಚೆನ್ನಾಗಿ ಮಾತು ಕೇಳುತ್ತವೆ ಎಂದಳು. ನನ್ನ ಹೆಂಡತಿ ಹುಲ್ಲಿನ ವಿಚಾರ, ಮರಿಗಳ ವಿಚಾರ ಎತ್ತಿ, ಬೇರೆ ಮಂದೆಯವರ ಜೊತೆ ಕುರಿ ಬದಲಾಯಿಸಿಕೊಳ್ಳುವುದುಂಟೇ ಎಂದು ಕೇಳಿದಳು.

"ಉಂಟು ತಾಯಿ. ಒಂದು ತಗೊಂಡರೆ ಒಂದು ಕೊಡಬೇಕು, ಅದೂ ಅವರ ಒಪ್ಪಿಗೆ ಕೇಳಿ. ಕೊಡದೆ ತಂದದ್ದು ಮಂದೆಗೆ ಆಗಿಬರಲ್ಲ."

ನಾಳೆ ಹತ್ತೂವರೆಗೆ ಮೊಮ್ಮಗಳ ಕಚೇರಿಗೆ ಬನ್ನಿ, ಬರುವಾಗ ಆ ಗಂಟೆಯನ್ನೂ ತನ್ನಿ ಎಂದಳು ನನ್ನ ಹೆಂಡತಿ. ಯಾಕೆ ಎಂದು ಅಜ್ಜಿ ಕೇಳಲಿಲ್ಲ. ಇಳಿಯುವಾಗ ನಾನು ಕೇಳಿದೆ. ಹೇಳಿದರೆ ನಿಮಗೆ ರಾತ್ರಿ ನಿದ್ದೆ ಬರಲ್ಲ, ಹೇಳದಿದ್ದರೆ ನನಗೆ ನಿದ್ದೆ ಬರುತ್ತೆ ಎಂದಳು.

ಮರುದಿನ ಹನ್ನೊಂದಕ್ಕೆ ಮೂಳೆಕೋಣೆಯ ಉದ್ದ ಮೇಜಿನ ಸುತ್ತ ಎಲ್ಲರೂ ಸೇರಿದೆವು. ನಿರ್ದೇಶಕರ ಮುಂದೆ ಟೈಪಾದ ಕಾಗದವೊಂದಿತ್ತು, ಸಹಿಯೊಂದೇ ಬಾಕಿ. ಒಳ್ಳೆಯ ಮನುಷ್ಯ, ರಾತ್ರಿ ನಿದ್ದೆ ಮಾಡಿದಂತಿರಲಿಲ್ಲ. ಗ್ಲೌಸಪ್ಪ ನೆಟ್ಟಗೆ ಕೂತಿದ್ದರು. ಮೂಳೆತಾತ ಎಲ್ಲರಿಗೂ ನಗುತ್ತಿದ್ದರು. ಅಜ್ಜಿ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ಅವಳನ್ನು ಕಂಡು ಹುಡುಗಿ, ಹೀಗೇಕೆ ಮಾಡಿದಿರಿ ಎಂಬಂತೆ ನನ್ನ ಹೆಂಡತಿಯನ್ನು ನೋಡಿದಳು.

"ಗುರುತು ಹೇಳು," ಎಂದಳು ನನ್ನ ಹೆಂಡತಿ ಅವಳಿಗೆ. "ನಿನ್ನ ಮೂಳೆದು."

ತೂತು ಓರೆ, ಅಂಚು ಚೂಪು, ಬದಿಯಲ್ಲಿ ಕಪ್ಪು ಚುಕ್ಕೆ, ತೂಕ ನಾಲ್ಕು ಪಾಯಿಂಟ್ ಒಂದು ಗ್ರಾಂ. ಹುಡುಗಿ ತಡವರಿಸದೆ ಹೇಳಿದಳು. ಹೊರಗಿನಿಂದ ಬಂದ ಹೋಳುಗಳನ್ನೂ ಚಿತ್ರವನ್ನೂ ನಾನು ಮೇಜಿನ ಮೇಲಿಟ್ಟು ವ್ಯತ್ಯಾಸ ತೋರಿಸಿದೆ. ಚಿತ್ರವನ್ನು ನಿನ್ನೆ ರಾತ್ರಿಯೂ ಬರೆದಿರಬಹುದಲ್ಲ ಎಂದರು ಗ್ಲೌಸಪ್ಪ.

"ಬರೆದಿರಬಹುದು," ಎಂದಳು ನನ್ನ ಹೆಂಡತಿ. "ಆದರೆ ತೂಕ ನಿನ್ನೆ ಬರೆದದ್ದಲ್ಲ. ಕೊರೆದ ಮೂಳೆ ಡಬ್ಬಿಯಲ್ಲಿ ಬೆಳೆಯಲ್ಲ ಸರ್. ನಾಲ್ಕು ಒಂದು ಇದ್ದದ್ದು ನಾಲ್ಕು ಒಂಬತ್ತು ಆಯ್ತು ಅಂದರೆ, ನೀವು ತೂಗಿದ್ದೇ ಬೇರೆ ಮೂಳೆ. ನೀವೇ ಬದಲಿಸಿದ್ದರೆ ತೂಕ ಬರೀತಿರಲಿಲ್ಲ, ಬರೆದು ಕೆಂಪು ಗೆರೆ ಅಂತೂ ಎಳೀತಿರಲಿಲ್ಲ. ನಿಮ್ಮ ಆ ಗೆರೆ ನಿಮ್ಮನ್ನೂ ಉಳಿಸ್ತು, ಇವಳನ್ನೂ ಉಳಿಸ್ತು."

ಗ್ಲೌಸಪ್ಪ ದಾಖಲೆ ಪುಸ್ತಕವನ್ನು ತಮ್ಮತ್ತ ಎಳೆದುಕೊಂಡರು. ನಾನು ನೆಲ ನೋಡಿದೆ.

ಅವಳು ಒಂದೊಂದೇ ಮೆಟ್ಟಿಲು ಇಳಿದಂತೆ ವಿವರಿಸಿದಳು. ಮೂಳೆ ಬದಲಾದದ್ದು ಹುಡುಗಿ ಡಬ್ಬಿ ತೆರೆದ ದಿನ ಮತ್ತು ಗ್ಲೌಸಪ್ಪ ತೂಗಿದ ದಿನದ ನಡುವೆ. ಹುಡುಗಿಯೇ ಬದಲಿಸಿದಳೇ? ಹೊಸ ಮೂಳೆ ಇಟ್ಟರೆ ಯಾವ ಪ್ರಯೋಗಾಲಯದಲ್ಲಾದರೂ ಸಿಕ್ಕಿಬೀಳುತ್ತೇನೆಂದು ಇಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಅವಳು. ಅಲ್ಲದೆ ಬದಲಿ ಮೂಳೆ ವರ್ಷಗಟ್ಟಲೆ ದಾರದಲ್ಲಿ ತೂಗಿ ಸವೆದದ್ದು, ಏನಕ್ಕೋ ಬಡಿದು ಬಡಿದು ಜಜ್ಜಿದ್ದು. ಈ ಕಟ್ಟಡದಲ್ಲಿ ಮೂಳೆಗಳು ಹತ್ತಿಯ ಮೇಲೆ ಮಲಗುತ್ತವೆ, ದಾರದಲ್ಲಿ ತೂಗುವುದಿಲ್ಲ.

"ನಮ್ಮ ಕೋಣೆಯಲ್ಲಿ ಒಂದು ಅನುಭವ ಇತ್ತು," ಎಂದಳು. "ಕಳ್ಳ ಬಂದರೆ ಜಾಗ ಖಾಲಿ ಇರುತ್ತೆ. ಕೊಡೆ ಇದ್ದ ಜಾಗದಲ್ಲಿ ಇನ್ನೊಂದು ಕೊಡೆ ಇದ್ದರೆ, ತಗೊಂಡವರು ಕಳ್ಳರಲ್ಲ. ಅವರ ಲೆಕ್ಕದಲ್ಲಿ ಅವರು ಸರಿಯಾಗೇ ನಡಕೊಂಡಿರ್ತಾರೆ. ಹಾಗಾಗಿ ನಾನು ಕಳ್ಳನನ್ನ ಹುಡುಕಲಿಲ್ಲ. ಒಂದು ತಗೊಂಡರೆ ಒಂದು ಕೊಡೋರನ್ನ ಹುಡುಕಿದೆ."

ಅಜ್ಜಿ ತಲೆಯೆತ್ತಿದಳು.

"ಅಜ್ಜಿ, ಮೊಮ್ಮಗಳು ಆ ಮೂಳೆ ತೋರಿಸಿದಾಗ ನೀವು ನಾಲಗೆಯಾ ಅಂತ ಕೇಳಿದ್ರಿ. ಇವಳು ಬಾಯಿಯ ನಾಲಗೆ ಅಂದುಕೊಂಡು ನಕ್ಕಳು. ನೀವು ಕೇಳಿದ್ದು ಯಾವ ನಾಲಗೆ?"

"ಗಂಟೆದು," ಎಂದಳು ಅಜ್ಜಿ. "ಇನ್ಯಾವುದು?"

ಅಜ್ಜಿ ಚೀಲದಿಂದ ಗಂಟೆ ತೆಗೆದು ಮೇಜಿನ ಮೇಲೆ ಎತ್ತಿ ಹಿಡಿದಳು. ಒಳಗೆ ಉಣ್ಣೆಯ ಹುರಿಯಲ್ಲಿ ಒಂದು ಕಂದು ಮೂಳೆ ತೂಗುತ್ತಿತ್ತು. ತೂತು ಓರೆ. ಬದಿಯಲ್ಲಿ ಎಳ್ಳುಕಾಳಿನಷ್ಟು ಕಪ್ಪು ಚುಕ್ಕೆ.

ಹುಡುಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಅಜ್ಜಿಯ ಮನೆಯಲ್ಲಿ ತಲೆಮಾರಿನಿಂದ ನಡೆದುಬಂದದ್ದು ಅದು. ಮುಂದಾಳು ಕುರಿ ಸತ್ತರೆ ಅದರ ಕಿವಿಮೂಳೆಗೆ ತೂತು ಮಾಡಿ ಗಂಟೆಯ ನಾಲಗೆ ಮಾಡುತ್ತಾರೆ. ಗಟ್ಟಿ ಮೂಳೆ, ಬೇಗ ಸವೆಯುವುದಿಲ್ಲ. ಮೇಲಾಗಿ ತಾಯಿಯ ಕಿವಿ ಮುಂದೆ ಹೋದರೆ ಮಕ್ಕಳು ಹಿಂದೆ ಬರುತ್ತವೆ ಎಂಬ ನಂಬಿಕೆ. ಅಂದು ಗಂಟೆಯ ಅಂಚು ಬೆಸೆಯಲು ನಾಲಗೆ ಬಿಚ್ಚಿದ್ದರು, ಅದು ಅಜ್ಜಿಯ ಸೆರಗಿನ ಗಂಟಿನಲ್ಲಿತ್ತು. ಮೊಮ್ಮಗಳು ತೋರಿಸಿದ ಮೂಳೆಗೂ ತೂತಿತ್ತು. ಅದನ್ನು ಮೊಮ್ಮಗಳೇ ಕೊರೆದದ್ದೆಂದು ಅಜ್ಜಿಗೆ ಯಾರೂ ಹೇಳಿರಲಿಲ್ಲ. ಎಂಟು ಸಾವಿರ ವರ್ಷದ ಹಿಂದೆ ತನ್ನಂಥವಳೇ ಯಾರೋ ಕಟ್ಟಿದ್ದ ನಾಲಗೆಯೆಂದು ಅವಳು ತಿಳಿದಳು.

"ಎಲ್ಲಕ್ಕಿಂತ ಮೊದಲ ತಾಯಿ ಅಂದಳು ಇವಳು. ಡಬ್ಬಿಯೊಳಗೆ ಮೂಕಿಯಾಗಿ ಬಿದ್ದಿದ್ದಳು. ಮಂದೆ ಮುಂದೆ ಹೋಗಲಿ ಅನ್ನಿಸ್ತು. ಇವಳೂ ನಿನ್ನ ಕುರಿಗಳೂ ಒಂದೇ, ವ್ಯತ್ಯಾಸ ಇಲ್ಲ ಅಂತ ನೀನೇ ಅಂದ್ಯಲ್ಲ ಮಗಳೇ? ಅದಕ್ಕೇ ನಮ್ಮದು ಇಟ್ಟು ಇದನ್ನ ತಗೊಂಡೆ. ಕದ್ದಿಲ್ಲ. ಇವರನ್ನ ಕೇಳಿದೆ. ಹೌದು ಹೌದು ಅಂದ್ರು."

ಎಲ್ಲರೂ ಮೂಳೆತಾತನತ್ತ ತಿರುಗಿದರು. ತಾತ ನಕ್ಕು ತಲೆಯಾಡಿಸಿದರು. ನನ್ನ ಹೆಂಡತಿ ಎದ್ದುಹೋಗಿ ಅವರ ಮುಂದೆ ಬಗ್ಗಿ, ಅಜ್ಜಿ ಹೇಳಿದ್ದನ್ನು ತುಟಿ ಕಾಣುವಂತೆ ನಿಧಾನವಾಗಿ ಮತ್ತೆ ಹೇಳಿದಳು. ಅವರ ನಗು ಇಳಿಯಿತು.

"ಆರು ವರ್ಷ ಆಯ್ತು," ಎಂದರು ಖಾಲಿ ಚೀಲದಂತೆ ಮುದುಡಿ ಕೂತು. "ಗೊತ್ತಾದರೆ ಮನೆಗೆ ಕಳಿಸ್ತೀರಿ ಅಂತ ಹೇಳಲಿಲ್ಲ. ಅವರು ಏನೋ ಕೇಳಿದ್ರು, ನೀರಿರಬೇಕು ಅಂತ ತಂದುಕೊಟ್ಟೆ."

ಕಿವಿಗಳನ್ನು ಕಾಯುವವರಿಗೆ ಕಿವಿ ಕೇಳಿಸುತ್ತಿರಲಿಲ್ಲ. ಬೇರೆ ಹೊತ್ತಾಗಿದ್ದರೆ ನಾನು ನಗುತ್ತಿದ್ದೆ. ಹುಡುಗಿಯೂ ತಲೆ ತಗ್ಗಿಸಿದ್ದಳು. ಗಂಟೆಯ ನಾಲಗೆಯನ್ನು ಅವಳು ಹುಟ್ಟಿದಂದಿನಿಂದ ಕೇಳಿದ್ದಳು. ಮಸಿ ಹಿಡಿದ ಮರದ ತುಂಡೆಂದೇ ತಿಳಿದಿದ್ದಳಂತೆ. ದೀಪದ ಬುಡದಲ್ಲಿ ಕತ್ತಲೆ ಎಂದರೆ ಇದೇ. ಊರೂರಿನ ಕಿವಿಮೂಳೆ ಓದಿದವಳು ಮನೆಯದನ್ನು ಒಮ್ಮೆಯೂ ಬಗ್ಗಿ ನೋಡಿರಲಿಲ್ಲ.

ನಿರ್ದೇಶಕರು ಟೈಪಾದ ಕಾಗದವನ್ನು ಎರಡಾಗಿ, ನಾಲ್ಕಾಗಿ ಹರಿದರು. ಇಷ್ಟು ದಿನ ಗಂಟೆಯಲ್ಲಿ ಬಡಿದ ಮೂಳೆಯಲ್ಲಿ ಇನ್ನೇನಾದರೂ ಉಳಿದಿದೆಯೇ ಎಂದು ಕೇಳಿದರು. ಮೇಲ್ಮೈ ಕೆಟ್ಟಿರಬಹುದು, ಒಳಗೆ ಏನೂ ಆಗಿರುವುದಿಲ್ಲ, ಇನ್ನೊಂದು ಬದಿಯಿಂದ ಕೊರೆದರೆ ಸಾಕು ಎಂದು ಉತ್ತರಿಸಿದವರು ಗ್ಲೌಸಪ್ಪ. ಈ ಸಲ ನನ್ನೆದುರಿಗೇ ಕೊರೆಯಲಿ, ನಾನೇ ಮೊದಲು ಸಹಿ ಹಾಕುತ್ತೇನೆ ಎಂದೂ ಸೇರಿಸಿದರು. ಮುಖ ನೋಡಿ ಮಣೆ ಹಾಕಿದ್ದಕ್ಕೆ ನಾನು ಮನಸ್ಸಿನಲ್ಲೇ ಕ್ಷಮೆ ಕೇಳಿದೆ.

ಅಜ್ಜಿಗೆ ಇದೆಲ್ಲ ಏನೆಂದು ಆಗಲೇ ಅರ್ಥವಾದದ್ದು. ಅವಳು ಮೊಮ್ಮಗಳ ಗಲ್ಲ ಹಿಡಿದು ತನ್ನತ್ತ ತಿರುಗಿಸಿಕೊಂಡಳು.

"ನನ್ನಿಂದ ನಿನ್ನ ಕಳ್ಳಿ ಅಂದ್ರಾ? ನನಗ್ಯಾಕೆ ಹೇಳಲಿಲ್ಲ?"

"ನೀನು ನೊಂದುಕೊಳ್ತೀಯ ಅಂತ."

"ಕೇಳಿದ್ದರೆ ಅವತ್ತೇ ತಂದುಕೊಡ್ತಿದ್ದೆನಲ್ಲ, ಹುಚ್ಚಿ."

ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಅಜ್ಜಿಯನ್ನು ನೋಯಿಸಬಾರದೆಂದು ಮೊಮ್ಮಗಳು ಬಾಯಿ ಕಟ್ಟಿಕೊಂಡಿದ್ದಳು, ಹೇಳುವಂಥದ್ದೇನೂ ಇಲ್ಲವೆಂದು ಅಜ್ಜಿ ಸುಮ್ಮನಿದ್ದಳು. ಅಜ್ಜಿ ಹುರಿ ಬಿಚ್ಚಿ ಹಳೆಯ ಮೂಳೆಯನ್ನು ಹತ್ತಿಯ ಮೇಲೆ ಇಟ್ಟಳು. ಆಮೇಲೆ ಕೈ ಚಾಚಿದಳು.

"ನಮ್ಮದು ಕೊಡಿ."

ಮೇಜಿನ ಮೇಲಿದ್ದ ಎರಡು ಟೊಳ್ಳು ಹೋಳುಗಳನ್ನು ನನ್ನ ಹೆಂಡತಿಯೇ ಎತ್ತಿ ಅವಳ ಅಂಗೈಯಲ್ಲಿಟ್ಟಳು. ಅಜ್ಜಿ ಅವನ್ನು ಜೋಡಿಸಿ ನೋಡಿದಳು, ಜೋಡಿಕೊಳ್ಳಲಿಲ್ಲ.

"ಯಾವ ಕುರಿದಜ್ಜಿ?" ಎಂದು ಕೇಳಿದಳು ಹುಡುಗಿ. ಕೇಳುವಾಗಲೇ ಅವಳಿಗೆ ಗೊತ್ತಾಗಿತ್ತೆಂದು ನನಗನ್ನಿಸುತ್ತದೆ.

"ನಿನಗೆ ಹಾಲು ಕೊಟ್ಟವಳದು."

ಹುಡುಗಿ ಅಜ್ಜಿಯ ಮಡಿಲಲ್ಲಿ ಮುಖವಿಟ್ಟು ಅತ್ತಳು. ನಿರ್ದೇಶಕರು ಕಿಟಕಿಯ ಹತ್ತಿರ ಹೋಗಿ ನಿಂತರು. ಗ್ಲೌಸಪ್ಪ ಗ್ಲೌಸು ಬಿಚ್ಚಿ ಕಣ್ಣೊರೆಸಿಕೊಂಡರು. ಅವರ ಕೈ ನಮ್ಮೆಲ್ಲರ ಕೈಯಂತೆಯೇ ಇತ್ತು. ಅಜ್ಜಿ ಹೋಳುಗಳನ್ನು ಮೊಮ್ಮಗಳ ಕೈಯಲ್ಲಿಟ್ಟು ಬೆರಳು ಮಡಿಚಿದಳು. ನಿನ್ನನ್ನ ಆಗ ಸಾಕಿದ್ದೂ ಅವಳೇ, ಈಗ ಪುಡಿಯಾಗಿದ್ದೂ ನಿನಗಾಗೇ, ನೀನೇ ಇಟ್ಟುಕೋ ಎಂದಳು.

ತಾತನನ್ನು ಮನೆಗೆ ಕಳಿಸಲಿಲ್ಲ. ಕಿವಿಗೆ ಯಂತ್ರ ಬಂತು. ಈಗ ಅವರು ಕೇಳದಿದ್ದಕ್ಕೂ ಉತ್ತರ ಕೊಡುತ್ತಾರೆ. ಹಳೆಯ ಮೂಳೆಯನ್ನು ಇನ್ನೊಂದು ಬದಿಯಿಂದ ಕೊರೆದು ಎರಡು ಕಡೆ ಓದಿದರು. ಹುಡುಗಿ ಮೊದಲು ಹೇಳಿದ್ದೇ ಅಕ್ಷರಕ್ಕೆ ಅಕ್ಷರ ಬಂತು. ಮೊದಲ ಸಹಿ ಗ್ಲೌಸಪ್ಪನದು.

ಆ ಸುದ್ದಿ ತಿಳಿಸಲು ನಾವು ಮೂವರೂ ಬೆಟ್ಟ ಹತ್ತಿದೆವು. ಮಂಜು ಮತ್ತೆ ಇಳಿದಿತ್ತು. ಮುಂದಾಳು ಕುರಿಯ ಕೊರಳಲ್ಲಿ ಗಂಟೆ ಇತ್ತು, ಸದ್ದಿರಲಿಲ್ಲ. ಇನ್ನೊಂದು ನಾಲಗೆ ಕಟ್ಟಲಿಲ್ಲವೇ ಎಂದು ನನ್ನ ಹೆಂಡತಿ ಕೇಳಿದಳು. ಮುಂದಾಳು ಬದುಕಿರುವಾಗ ಹೊಸ ನಾಲಗೆ ಎಲ್ಲಿಂದ ಬರಬೇಕು ತಾಯಿ, ನಾನೇನು ಅವಳ ಸಾವು ಕಾಯಲಾ ಎಂದಳು ಅಜ್ಜಿ. ಹಾಗಾದರೆ ಮಂದೆಯನ್ನು ಹೇಗೆ ಕರೆಯುತ್ತೀರಿ ಎಂದು ನಾನು ಕೇಳಿದೆ.

"ನಾಲಗೆ ನನಗಿಲ್ವಾ?"

ಅಜ್ಜಿ ಬಂಡೆಯ ಮೇಲೆ ನಿಂತು ಕೂಗಿದಳು. ಅದು ಪದವೇನಲ್ಲ, ಉದ್ದನೆಯ ಒಂದು ದನಿ. ಪಕ್ಕದಲ್ಲಿ ಮೊಮ್ಮಗಳೂ ಅದೇ ದನಿಯನ್ನು ಅದೇ ಏರಿಳಿತದಲ್ಲಿ ಕೂಗಿದಳು. ಅದನ್ನು ಯಾರು ಯಾವಾಗ ಕಲಿಸಿದರೆಂದು ಅವಳಿಗೇ ನೆನಪಿಲ್ಲವಂತೆ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಮಂಜಿನೊಳಗಿಂದ ಕುರಿಗಳು ಒಂದೊಂದಾಗಿ ಬಂದವು.